ಮೊದಲು ಗೋಡೆ, ಆಮೇಲೆ ಕೋವಿ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಸೀಮೆಯಿಂದ ಬಂದಿವೆ. ಸಕಲೇಶಪುರ ದಾಟಿ ಮಂಗಳೂರು ಕಡೆ ಹೊರಟರೆ ಸಿಗುವ ಆನೇಮಹಲ್, ಅದರ ಸುತ್ತಿನ ಹೆತ್ತೂರು, ಹಾನುಬಾಳು, ಯಸಳೂರು, ಇತ್ತ ಆಲೂರು. ಕಾಫಿ ಮಾರಿ ಕೈ ಬಿಡುವಾಗಿರುವ ಕಾಲಕ್ಕೆ ಮಕ್ಕಳಿಗೆ ರಜೆಯೂ ಬಂದಿರುತ್ತದೆ, ಏರ್‌ಗನ್ ಮಾತು ಮನೆಮನೆಯಲ್ಲೂ ಏಳುತ್ತದೆ. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಊರು ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಾಗಿ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಗೆದ್ದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ನನ್ನ ಮಗಳಿಗೆ ಅದೇ ಹಟ. ಈಗ ಹನ್ನೊಂದು ವರ್ಷ. ತನಗೂ ಏರ್ ಪಿಸ್ತೂಲ್ ಬೇಕಂತೆ. ತಂದುಕೊಡಲು ನಾನು ತಯಾರಿದ್ದೇನೆ. ಯಾವುದು ತರಲಿ? ವಯಸ್ಸು ಸಾಕೇ?
— ಕಾಫಿ ಬೆಳೆಗಾರರು, ಆನೇಮಹಲ್

ಉತ್ತರ: ಸದ್ಯಕ್ಕೆ ಏನನ್ನೂ ತರಬೇಡಿ. ಹನ್ನೊಂದು ವರ್ಷ ತೀರಾ ಸಣ್ಣ ವಯಸ್ಸೇನಲ್ಲ. ಜರ್ಮನಿಯ ಕ್ಲಬ್‌ಗಳಲ್ಲಿ ಹೆತ್ತವರ ಒಪ್ಪಿಗೆಯಿದ್ದರೆ 12 ವರ್ಷಕ್ಕೆ ಏರ್ ರೈಫಲ್ ಹಿಡಿಸುತ್ತಾರೆ. ಬ್ರಿಟನ್ನಿನಲ್ಲಿ 14 ತುಂಬದ ಮಕ್ಕಳು ಏರ್‌ಗನ್ ಬಳಸಬೇಕಾದರೆ 21 ತುಂಬಿದ ಹಿರಿಯರೊಬ್ಬರು ಪಕ್ಕದಲ್ಲೇ ಇರಬೇಕೆಂಬ ಕಾನೂನಿದೆ. ನಾನು ಮಾತ್ರ ಹುಟ್ಟಿದ ತಾರೀಕು ಕೇಳುವುದಿಲ್ಲ. ಮಗು ಆಟದ ಗುಂಗಿನಲ್ಲಿದ್ದಾಗ ‘ನಿಲ್ಲು’ ಎಂದರೆ ಅಲ್ಲೇ ನಿಲ್ಲುತ್ತದೆಯೇ ಅಂತ ಕೇಳುತ್ತೇನೆ. ಮೂರು ಸಲ ಕೂಗಿದ ಮೇಲೆ ‘ಆಂ?’ ಅನ್ನುವ ಮಗುವಾದರೆ ಇನ್ನೂ ಒಂದೆರಡು ವರ್ಷ ಕಾಯಿರಿ.

ಮಗಳು ಕೇಳಿದ್ದು ಪಿಸ್ತೂಲ್, ನಾನು ಹೇಳುವುದು ರೈಫಲ್. ಪಂದ್ಯದ ಏರ್ ಪಿಸ್ತೂಲನ್ನು ತೋಳು ಚಾಚಿ ಒಂದೇ ಕೈಯಲ್ಲಿ ಹಿಡಿಯಬೇಕು. ತೂಕ ಒಂದೂವರೆ ಕಿಲೋವರೆಗೂ ಇರಬಹುದು. ಕಡಿಮೆ ತೂಕದ್ದೇ ತಂದರೂ ಹನ್ನೊಂದರ ಮಣಿಕಟ್ಟು ನಾಲ್ಕನೇ ಈಡಿಗೆ ಬಾಗುತ್ತದೆ. ತೋಳು ಸೋತಾಗ ಪಿಸ್ತೂಲಿನ ಮೂತಿ ಎತ್ತ ಬೇಕಾದರೂ ತಿರುಗುತ್ತದೆ, ಅದರ ಉದ್ದ ಒಂದು ಮೊಳವೂ ಇಲ್ಲವಲ್ಲ. ಉದ್ದ ನಳಿಗೆಯ ರೈಫಲನ್ನು ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿಟ್ಟರೆ ಅದರ ಮೂತಿ ಗುರಿಯ ಕಡೆಯೇ ಇರುತ್ತದೆ. ಮಗು ಕುಳಿತು ಕಣ್ಣು, ಉಸಿರು, ಬೆರಳು ಮೂರನ್ನೇ ಕಲಿಯಲಿ. ಎತ್ತಿ ಹಿಡಿಯುವುದು ಆಮೇಲೆ.

ನಳಿಗೆಯನ್ನು ಮುರಿದು ಸ್ಪ್ರಿಂಗ್ ಏರಿಸುವ ಕೋವಿಯೇ ನಮ್ಮಲ್ಲಿ ಹೆಚ್ಚು ಸಿಗುವುದು. ಅದನ್ನು ಮಗು ಏರಿಸುವುದು ಬೇಡ. ಅರ್ಧ ಎಳೆದು ಕೈ ಜಾರಿದರೆ ನಳಿಗೆ ಸಿಡಿದು ಬಂದು ಬೆರಳು ಜಜ್ಜುತ್ತದೆ. ಏರಿಸುವುದೂ ಗುಂಡು ಹಾಕುವುದೂ ನಿಮ್ಮ ಕೆಲಸ, ಕುದುರೆ ಎಳೆಯುವುದು ಮಾತ್ರ ಅವಳದು. ಹೀಗೆ ಮಾಡಿದರೆ ಇನ್ನೊಂದು ಲಾಭವುಂಟು. ನೀವು ಪಕ್ಕದಲ್ಲಿ ಇಲ್ಲದೆ ಒಂದು ಈಡೂ ಹಾರುವುದಿಲ್ಲ.

ಇಷ್ಟಾದರೂ ಕೋವಿ ಕೊಳ್ಳುವುದು ಕೊನೆಯ ಕೆಲಸ. 2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಬೆಳೆದದ್ದು ಮನೆಯಲ್ಲೇ ಕಟ್ಟಿಸಿದ ರೇಂಜ್‌ನಲ್ಲಿ. ಆ ಕತೆ ಹೇಳುವಾಗ ನಮ್ಮ ಜನ ರೈಫಲ್ಲನ್ನು ನೆನಪಿಟ್ಟುಕೊಳ್ಳುತ್ತಾರೆ, ರೇಂಜನ್ನು ಮರೆಯುತ್ತಾರೆ. ಮುಂದಿನ ಪತ್ರ ಅದರದ್ದೇ.

ಪ್ರಶ್ನೆ: ನಮ್ಮ ಗೋಡೌನ್ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ನಲವತ್ತು ಅಡಿಗಿಂತ ಉದ್ದ ಇದೆ. ಮಕ್ಕಳಿಗೆ ಅಲ್ಲೇ ಗುರಿ ಹಾಕಿಕೊಟ್ಟರೆ ಆಗದೇ? ಇವರು ಹೊರಗೆ ತೋಟದಲ್ಲೇ ಸಾಕು, ಬೇಕಾದಷ್ಟು ಜಾಗ ಇದೆಯಲ್ಲ ಅನ್ನುತ್ತಾರೆ.
— ಗೃಹಿಣಿ, ಹೆತ್ತೂರು ಹೋಬಳಿ

ಉತ್ತರ: ತೋಟ ಬೇಡವೇ ಬೇಡ. ಏರ್‌ಗನ್ನಿನ ಸೀಸದ ಗುಂಡು ಅರ್ಧ ಗ್ರಾಮಿನಷ್ಟು ಹಗುರವಾದರೂ ಗುರಿ ತಪ್ಪಿದರೆ ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಕಾಫಿ ಗಿಡದ ಮರೆಯಲ್ಲಿ ಕಳೆ ತೆಗೆಯುತ್ತಾ ಬಗ್ಗಿರುವ ಆಳು ನಿಮಗೆ ಕಾಣುವುದಿಲ್ಲ. ಲೈನ್ ಮನೆಯ ಮಕ್ಕಳು ಯಾವ ಕಾಲುದಾರಿಯಲ್ಲಿ ಬರುತ್ತಾರೋ ನಿಮಗೆ ಗೊತ್ತಿಲ್ಲ. ‘ಬೇಕಾದಷ್ಟು ಜಾಗ’ ಎಂದರೆ ಗುಂಡು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿಲ್ಲದಷ್ಟು ಜಾಗ, ಅಷ್ಟೇ. ಈ ವಿಷಯದಲ್ಲಿ ಯಜಮಾನರ ಮಾತು ಮೀರಿದರೂ ತಪ್ಪಿಲ್ಲ.

ಗೋಡೌನ್ ಅಳತೆಗೆ ಸರಿಹೊಂದುತ್ತದೆ. ಪಂದ್ಯದ ದೂರ 10 ಮೀಟರ್, ಅಂದರೆ ಸುಮಾರು 33 ಅಡಿ. ಹಿಂದೆ ಮುಂದೆ ನಿಲ್ಲಲು ನಿಮಗೆ ಜಾಗ ಉಳಿಯುತ್ತದೆ. ಮಕ್ಕಳಿಗೆ ಮೊದಲು ಐದು ಮೀಟರ್ ಸಾಕು. ನನ್ನ ಅಳುಕು ಬೇರೆ. ಗುಂಡು ಸೀಸದ್ದು. ಬಡಿದಲ್ಲಿ ಪುಡಿಯಾಗಿ ಕಣ್ಣಿಗೆ ಕಾಣದ ದೂಳು ಏಳುತ್ತದೆ. ನವೆಂಬರಿನಲ್ಲಿ ಅದೇ ನೆಲದ ಮೇಲೆ ಅರೇಬಿಕಾ ಚೀಲ ಇಳಿಯುತ್ತದೆ, ಆಮೇಲೆ ರೋಬಸ್ಟಾ, ಮೆಣಸು. ಜನ ಕುಡಿಯುವ, ತಿನ್ನುವ ಸರಕು ಇಡುವಲ್ಲಿ ಸೀಸ ಉದುರಿಸುವುದು ಸರಿಯಲ್ಲ. ಕಾರ್ ಶೆಡ್, ಹಳೆಯ ಹೊಗೆಮನೆ, ಉದ್ದದ ಅಟ್ಟ, ಇವುಗಳಲ್ಲಿ ಯಾವುದಾದರೂ ಇದ್ದರೆ ಅದನ್ನು ಆರಿಸಿಕೊಳ್ಳಿ. ಗೋಡೌನೇ ಗತಿಯಾದರೆ ಗುರಿಯ ಕಡೆಯ ಆರೇಳು ಅಡಿ ನೆಲಕ್ಕೆ ದಪ್ಪ ಟಾರ್ಪಾಲು ಹಾಸಿ. ಕೊಯ್ಲಿಗೆ ಮುಂಚೆ ಅದನ್ನು ಮಡಚಿ ಹೊರಗೊಯ್ಯಿರಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕಸಬರಿಕೆ ಬೇಡ, ದೂಳು ಮೇಲೇಳುತ್ತದೆ. ಒರೆಸುವ ಕೆಲಸಕ್ಕೆ ಬಸುರಿ ಹೆಂಗಸರನ್ನೂ ಎಳೆಮಕ್ಕಳನ್ನೂ ಹತ್ತಿರ ಬಿಡಬೇಡಿ. ಗುಂಡಿನ ಡಬ್ಬಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಯಾರೂ ತಿಂಡಿ ಮುಟ್ಟುವಂತಿಲ್ಲ. ಗುಂಡುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ಹಾಕುವ ಚಾಳಿ ಹಳೆಯ ಶಿಕಾರಿಯವರಲ್ಲಿ ಇತ್ತು. ಮಕ್ಕಳು ಅದನ್ನು ಎಲ್ಲಿಂದಲೋ ಕಲಿತುಬಿಡುತ್ತಾರೆ, ನೋಡಿಕೊಳ್ಳಿ.

ಇನ್ನು ಗುಂಡು ನಿಲ್ಲಿಸುವ ಪೆಟ್ಟಿಗೆ. ಒಂದೂವರೆ ಅಡಿ ಚೌಕದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಹಿಂಬದಿಗೆ ಮೂರು ಮಿಲಿಮೀಟರಿನ ಉಕ್ಕಿನ ತಗಡು ಕೊಡಿ. ಒಳಗೆ ಹಳೆಯ ಬಟ್ಟೆಯನ್ನು ಒತ್ತೊತ್ತಾಗಿ ತುರುಕಿ. ಒಂದೇ ಜಾಗಕ್ಕೆ ಬಡಿದು ಬಡಿದು ಬಟ್ಟೆಯಲ್ಲಿ ಬಿಲ ಬೀಳುತ್ತದೆ, ಆಗಾಗ ಕೆದಕಿ ಸರಿಮಾಡಬೇಕು. ಪೆಟ್ಟಿಗೆ ತಪ್ಪಿದ ಗುಂಡಿಗಾಗಿ ಅದರ ಹಿಂದೆ ಗೋಡೆಯಗಲಕ್ಕೆ ಹಳೆಯ ಕಂಬಳಿ ಅಥವಾ ಎರಡು ಮೂರು ಪದರ ಗೋಣಿ ಇಳಿಬಿಡಿ. ಬಿಗಿದು ಕಟ್ಟಬಾರದು, ಜೋಲಾಡುತ್ತಿರಬೇಕು. ಸಡಿಲ ಬಟ್ಟೆ ಗುಂಡಿನ ವೇಗ ಕುಡಿಯುತ್ತದೆ, ಬಿಗಿದದ್ದು ಹರಿಯುತ್ತದೆ. ಬರಿಯ ಕಲ್ಲುಗೋಡೆ, ಡ್ರಮ್ಮು, ಬಾಟಲಿ, ಗಟ್ಟಿ ಮರದ ಕೊರಡು, ಇವಕ್ಕೆ ಹೊಡೆಯಲೇಬಾರದು. ಸೀಸ ಚಪ್ಪಟೆಯಾಗಿ ವಾಪಸು ಬರುತ್ತದೆ. ಉಕ್ಕಿನ ಬಿಬಿ ಗುಂಡಂತೂ ಇನ್ನೂ ಜೋರಾಗಿ ತಿರುಗಿ ಬರುತ್ತದೆ, ಅದನ್ನು ಮನೆಗೇ ತರಬೇಡಿ. ಕಾಗದದ ಗುರಿಗೆ ಮೂತಿ ಚಪ್ಪಟೆಯಿರುವ ಸೀಸದ ಗುಂಡೇ ಒಳ್ಳೆಯದು, ಪಂಚಿಂಗ್ ಯಂತ್ರ ಕತ್ತರಿಸಿದ ಹಾಗೆ ದುಂಡನೆಯ ತೂತು ಬೀಳುತ್ತದೆ.

ಬಾಗಿಲು ಹೊಡೆಯುವವರ ಬೆನ್ನ ಹಿಂದೆ ಇರಲಿ, ಒಳಗಿಂದ ಚಿಲಕ ಹಾಕಿರಲಿ. ಗುರಿಗೂ ಮಗುವಿಗೂ ನಡುವೆ ಯಾವ ಬಾಗಿಲೂ ಕಿಟಕಿಯೂ ತೆರೆಯಬಾರದು. ಒಳಗಿರುವ ಎಲ್ಲರ ಕಣ್ಣಿಗೂ ಪಾಲಿಕಾರ್ಬೊನೇಟ್ ಕನ್ನಡಕ ಬೇಕು, ನೋಡುತ್ತಾ ಕೂತ ಅಜ್ಜಿಗೂ ಸಹ. ಮುರಿಯುವ ಕೋವಿಯ ಗುಂಡು ಚರ್ಮ ಹರಿಯಬಲ್ಲದು, ಕಣ್ಣಿಗೆ ಬಿದ್ದರೆ ಉಳಿಸುವುದು ಕಷ್ಟ. ದೇವರು ದೊಡ್ಡವನು, ಹಾಗಾಗದಿರಲಿ. ಹಾಗೊಮ್ಮೆ ಆದರೆ ಕಣ್ಣನ್ನು ಉಜ್ಜಬಾರದು, ತೊಳೆಯಬಾರದು, ಒತ್ತಬಾರದು. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದ ಹಾಗೆ ಮೇಲೆ ಮುಚ್ಚಿ ಪಟ್ಟಿ ಹಚ್ಚಿ, ನೇರ ಕಣ್ಣಿನ ಡಾಕ್ಟರಿರುವ ಆಸ್ಪತ್ರೆಗೆ ಹೊರಡಬೇಕು.

ಇಷ್ಟು ಮಾಡಿಸಲು ಬಡಗಿಗೆ ಒಂದು ದಿನದ ಕೆಲಸ ಸಾಕು. ಅದಾದ ಮೇಲೆ ಕೋವಿಯ ಅಂಗಡಿಗೆ ಹೋಗಿ.

ಪ್ರಶ್ನೆ: ನಾವು ಚಿಕ್ಕವರಿದ್ದಾಗ ಚಾಟರಬಿಲ್ಲಿನಲ್ಲಿ ಪಿಕಳಾರ ಹೊಡೆದೇ ಗುರಿ ಕಲಿತೆವು. ಈಗ ಮೊಮ್ಮಗ ಏರ್‌ಗನ್ನಿನಲ್ಲಿ ಬಾಳೆಗೆ ಬರುವ ಮಂಗಗಳನ್ನು ಓಡಿಸುತ್ತಾನೆ. ತೋಟಕ್ಕೂ ಉಪಕಾರ, ಅವನಿಗೂ ಅಭ್ಯಾಸ. ಸೊಸೆ ಮಾತ್ರ ಬೇಡ ಅನ್ನುತ್ತಾಳೆ. ಕಾಗದಕ್ಕೆ ಹೊಡೆದು ಯಾರಿಗೆ ಏನು ಬಂತು?
— ಅಜ್ಜ, ಹಾನುಬಾಳು

ಉತ್ತರ: ಸೊಸೆ ಹೇಳಿದ್ದು ಸರಿ, ಅಜ್ಜ. ಮಂಗ ಬೆಳೆ ಹಾಳುಮಾಡುವುದು ನಿಜ, ನಿಮ್ಮ ಸಂಕಟವೂ ನಿಜ. ಆದರೆ ಏರ್‌ಗನ್ನಿನ ಗುಂಡು ಮಂಗವನ್ನು ಓಡಿಸುವುದಿಲ್ಲ, ಗಾಯ ಮಾಡುತ್ತದೆ. ಗುಂಡು ಒಳಗೇ ಉಳಿದು ಕೀವಾಗಿ ಅದು ಎಷ್ಟೋ ದಿನ ನರಳುತ್ತದೆ. ಹಿಂಡು ಮಾರನೆಯ ಬೆಳಿಗ್ಗೆ ಮತ್ತೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಹುಡುಗ ಅಪ್ರಾಪ್ತನಾದರೆ ಅರಣ್ಯ ಇಲಾಖೆಯವರು ಬಂದು ಕೇಳುವುದು ಮನೆಯ ಹಿರಿಯರನ್ನು.

ನೀವು ಪಿಕಳಾರ ಹೊಡೆದ ಕಾಲ ಬೇರೆ ಎಂದು ಹೇಳಿ ನುಣುಚಿಕೊಳ್ಳಲಾರೆ. ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿದವರೇ, ಆಮೇಲೆ ಹಕ್ಕಿಗಳಿಗೆ ಕ್ಯಾಮೆರಾ ಹಿಡಿದರು. ದೂರದ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ನಿನಿಂದ ಹಕ್ಕಿ ಹೊಡೆಯುವುದು ಎಷ್ಟು ಹೆಚ್ಚಾಯಿತೆಂದರೆ 2021ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಏರ್‌ಗನ್ ಒಪ್ಪಿಸುವ ಅಭಿಯಾನವನ್ನೇ ಶುರುಮಾಡಿತು. ಶಿಕಾರಿಯೇ ರೂಢಿಯಾಗಿದ್ದ ಹಳ್ಳಿಗಳ ಜನ ತಾವಾಗಿ ತಂದು ಒಪ್ಪಿಸಿದರು.

ಕಾಗದಕ್ಕೆ ಹೊಡೆದು ಏನು ಬಂತು ಎಂದಿರಿ. ಪಂದ್ಯದ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು. ಅದನ್ನು ಹತ್ತು ಮೀಟರ್ ದೂರದಿಂದ, ನಿಂತು, ಅರವತ್ತು ಸಲ ಹೊಡೆಯಬೇಕು. ಗುರಿಗಾರ ಎಂದು ಹೆಸರಾದ ಶಿಕಾರಿಯವರನ್ನು ನಾನು ಅದರ ಮುಂದೆ ನಿಲ್ಲಿಸಿ ನೋಡಿದ್ದೇನೆ, ಬೆವರುತ್ತಾರೆ. ಮೊಮ್ಮಗನ ಜೊತೆ ನೀವೂ ಒಮ್ಮೆ ಕೂತು ನೋಡಿ. ಪಿಕಳಾರ ಹೊಡೆದ ಕಣ್ಣು ಇನ್ನೂ ಎಷ್ಟು ನೆಟ್ಟಗಿದೆ ಅವನಿಗೂ ಗೊತ್ತಾಗಲಿ.

ಪ್ರಶ್ನೆ: ಏರ್‌ಗನ್ನಿಗೆ ಲೈಸೆನ್ಸ್ ಬೇಕೇ? ಚುನಾವಣೆ ಬಂದಾಗ ಠಾಣೆಗೆ ಕೊಡಬೇಕೇ? ಕೊಡಗಿನ ನೆಂಟರು ತಮಗೆ ಯಾವ ಕೋವಿಗೂ ಬೇಡ ಅನ್ನುತ್ತಾರೆ.
— ಆಲೂರು ಮತ್ತು ಯಸಳೂರಿನಿಂದ ಹಲವರು

ಉತ್ತರ: ನಳಿಗೆ 0.177 ಇಂಚು, ಅಂದರೆ ನಾಲ್ಕೂವರೆ ಮಿಲಿಮೀಟರ್ ದಾಟದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಪರವಾನಗಿ ಬೇಡ. ಗುರಿ ಕಲಿಯುವ ಮಗುವಿಗೆ ಅದಕ್ಕಿಂತ ಹೆಚ್ಚು ಬೇಕೂ ಇಲ್ಲ. ಪಂದ್ಯದ ರೈಫಲ್ಲಿನದ್ದೇ ಏಳೆಂಟು ಜೂಲ್. ಜೋರಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು 0.22 ತೋರಿಸಿದರೆ ಬೇಡ ಎನ್ನಿ. ಹಿರಿಯರೇ ತಮ್ಮ ಗುರುತಿನ ಚೀಟಿ ಕೊಟ್ಟು ಖರೀದಿಸಿ, ರಸೀದಿ ಜೋಪಾನವಾಗಿಡಿ.

ಚುನಾವಣೆಗೆ ಒಪ್ಪಿಸುವುದು ಪರವಾನಗಿ ಕೋವಿಗಳನ್ನು. ಆದರೆ ಆ ದಿನಗಳಲ್ಲಿ ಏರ್‌ಗನ್ನನ್ನು ಹೆಗಲಿಗೆ ಹಾಕಿ ರಸ್ತೆಗಿಳಿದರೆ ಪೊಲೀಸರು ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಬೇರೆ ದಿನಗಳಲ್ಲೂ ಚೀಲದೊಳಗಿಟ್ಟೇ ಒಯ್ಯಿರಿ.

ಕೊಡಗಿನ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವಂಥದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಹೇಮಾವತಿಯ ಈಚೆ ದಡಕ್ಕೆ ಅದು ಬರುವುದಿಲ್ಲ. ನೆಂಟಸ್ತಿಕೆಯಿಂದಲೂ ಬರುವುದಿಲ್ಲ.

ಪ್ರಶ್ನೆ: ಆನೆ ತೋಟಕ್ಕೆ ಬಂದಾಗ ಏರ್‌ಗನ್ನಿನಲ್ಲಿ ಗಾಳಿಗೆ ಹೊಡೆದರೆ ಹೋಗುತ್ತದೆಯೇ? ಮಗ ಕೇಳುತ್ತಿದ್ದಾನೆ.
— ಮಾರನಹಳ್ಳಿ

ಉತ್ತರ: ಹೋಗುವುದಿಲ್ಲ. ಏರ್‌ಗನ್ನಿಗೆ ಹೆದರಿಸುವಷ್ಟು ಸದ್ದೇ ಇಲ್ಲ. ಮೈಗೆ ಬಿದ್ದರೆ ಆನೆ ಹೆದರುವ ಬದಲು ಕೆರಳುತ್ತದೆ. ಆನೆಗೆ ಕೋವಿ ಹಿಡಿಯುವುದು ಎಷ್ಟು ಕಷ್ಟದ ಕಸುಬು ಎಂಬುದನ್ನು ನಿಮ್ಮ ತಾಲ್ಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಜೀವಮಾನವಿಡೀ ಅರಿವಳಿಕೆ ಚುಚ್ಚುಮದ್ದಿನ ಕೋವಿ ಹಿಡಿದಿದ್ದ ‘ಆನೆ ವೆಂಕಟೇಶ್’ 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಸಲಗಕ್ಕೆ ಚುಚ್ಚುಮದ್ದು ಹೊಡೆಯುವಾಗ ಅದರ ದಾಳಿಗೇ ಸಿಕ್ಕಿ ತೀರಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನನೂ ಹೋದ. ಮಗನಿಗೆ ಇಷ್ಟನ್ನು ಹೇಳಿ. ಆನೆ ಬಂದರೆ ಬಾಗಿಲು ಹಾಕಿಕೊಂಡು ಆನೆ ಕಾರ್ಯಪಡೆಗೆ ಫೋನು ಮಾಡುವುದು ಅವನ ಕೆಲಸ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ಮನೆಯಲ್ಲಿ ಮುರಿಯುವ ಏರ್‌ಗನ್ ಇದೆ. ಅಪ್ಪ ತೋಟಕ್ಕೆ ಹೋದಾಗ ಪ್ರಾಕ್ಟೀಸ್ ಮಾಡುತ್ತೇನೆ. ಮೇಜಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದರೂ ಗುಂಡುಗಳು ಒಂದು ಮೇಲೆ ಒಂದು ಕೆಳಗೆ ಹೋಗುತ್ತವೆ. ಜಾತ್ರೆಯಲ್ಲಿ ಬಲೂನ್ ಮಾತ್ರ ಚೆನ್ನಾಗಿ ಹೊಡೆಯುತ್ತೇನೆ. ಕೋವಿಯದ್ದೇ ದೋಷವೇ?
— ವಿದ್ಯಾರ್ಥಿ, ಆನೇಮಹಲ್ ಹತ್ತಿರ

ಉತ್ತರ: ಕೋವಿ ಸರಿಯಾಗಿಯೇ ಇದೆ ಅನ್ನಿಸುತ್ತದೆ. ನೀನು ಗಟ್ಟಿಯಾಗಿ ಹಿಡಿದದ್ದೇ ತಪ್ಪಾಗಿದೆ. ಕುದುರೆ ಎಳೆದಾಗ ಒಳಗಿನ ಸ್ಪ್ರಿಂಗ್ ಒಂದು ದಪ್ಪ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ನಳಿಗೆಯಿಂದ ಹೊರಗೆ ಬೀಳುವ ಮೊದಲೇ ಕೋವಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಕುಲುಕುತ್ತದೆ. ಆ ಕುಲುಕನ್ನು ನೀನು ತಡೆಯಲಾರೆ. ಪ್ರತಿ ಸಲ ಒಂದೇ ಥರ ಕುಲುಕಲು ಬಿಡಬಹುದು, ಅಷ್ಟೇ. ಗಟ್ಟಿ ಮೇಜಿಗೆ ಒತ್ತಿದರೆ ಒಂದೊಂದು ಸಲ ಒಂದೊಂದು ಕಡೆ ಪುಟಿಯುತ್ತದೆ. ಮರಳುಚೀಲದ ಮೇಲೆ ಅಂಗೈ ಬಿಚ್ಚಿಡು, ಅದರ ಮೇಲೆ ಕೋವಿ ಸುಮ್ಮನೆ ಕೂರಲಿ, ಬೆರಳು ಸುತ್ತಬೇಡ. ಯಾವಾಗಲೂ ಅದೇ ಜಾಗದಲ್ಲಿ ಇಡು. ಭುಜಕ್ಕೂ ಮೆಲ್ಲಗೆ ತಾಗಿದ್ದರೆ ಸಾಕು.

ಎಡಗಣ್ಣು ಕಿವುಚಿ ಮುಚ್ಚುತ್ತೀಯಲ್ಲವೇ? ಹಾಗೆ ಮಾಡಿದರೆ ತೆರೆದ ಕಣ್ಣೂ ದಣಿಯುತ್ತದೆ. ಟೋಪಿಯ ಅಂಚಿಗೆ ಒಂದು ತುಂಡು ಬಿಳಿ ಕಾಗದ ಇಳಿಬಿಟ್ಟು ಎರಡೂ ಕಣ್ಣು ತೆರೆದಿರು. ಅದಕ್ಕೂ ಮೊದಲು ನಿನ್ನ ಬಲವಾದ ಕಣ್ಣು ಯಾವುದು ನೋಡಿಕೋ. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಬಲ್ಬನ್ನು ಅದರಲ್ಲಿ ಹಿಡಿ. ಒಂದೊಂದೇ ಕಣ್ಣು ಮುಚ್ಚಿ ನೋಡು. ಯಾವ ಕಣ್ಣಿಗೆ ಬಲ್ಬು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿನ್ನ ಗುರಿಯ ಕಣ್ಣು. ಅದು ಎಡಗಣ್ಣಾದರೆ ಎಡಗಡೆಯಿಂದ ಹೊಡೆಯಲು ಕಲಿ, ಈ ವಯಸ್ಸಿಗೆ ಕಷ್ಟವಾಗುವುದಿಲ್ಲ.

ಉಸಿರು ಅರ್ಧ ಬಿಟ್ಟು ತಡೆ. ಆರೇಳು ಸೆಕೆಂಡಿನೊಳಗೆ ಈಡು ಹೋಗದಿದ್ದರೆ ಹೊಡೆಯಬೇಡ, ಬೆರಳು ತೆಗೆದು ಕೋವಿ ಇಳಿಸು, ಮತ್ತೆ ಶುರುಮಾಡು. ಮನಸ್ಸು ಬಂದ ಈಡನ್ನು ಬಿಟ್ಟುಕೊಡಲು ಕಲಿತ ಹುಡುಗ ಉಳಿದದ್ದನ್ನು ಬೇಗ ಕಲಿಯುತ್ತಾನೆ. ಗುಂಡು ಹಾಕದೆ ಬರಿದೇ ಹೊಡೆಯುವ ಅಭ್ಯಾಸ ಪಂದ್ಯದ ಕೋವಿಗಳಿಗೆ ಸರಿ, ಸ್ಪ್ರಿಂಗ್ ಕೋವಿಗೆ ಅಲ್ಲ. ಪಿಸ್ಟನ್ನಿನ ಸೀಲು ಒಡೆಯುತ್ತದೆ. ಜಾತ್ರೆಯ ಬಲೂನಿನ ಮಾತು ಬಿಡು. ಅಂಗೈ ಅಗಲದ ಬಲೂನು ಹತ್ತಡಿ ದೂರದಲ್ಲಿ, ಸಕಲೇಶ್ವರ ಸ್ವಾಮಿಯ ತೇರಿನ ದಿನ ನಾನೂ ಹೊಡೆದಿದ್ದೇನೆ.

‘ಅಪ್ಪ ತೋಟಕ್ಕೆ ಹೋದಾಗ’ ಎಂದು ಬರೆದಿದ್ದೀಯ. ನಿನ್ನ ಗುಂಡು ಮೇಲೆ ಕೆಳಗೆ ಹೋಗುವುದಕ್ಕಿಂತ ನನಗೆ ಚಿಂತೆಯಾದದ್ದು ಆ ಸಾಲು. ಈ ಉತ್ತರವನ್ನು ಅಪ್ಪನಿಗೆ ತೋರಿಸು. ಬೈದರೆ ಬೈಸಿಕೋ. ಆಮೇಲೆ ಇಬ್ಬರೂ ಕೂತು ಹೊಡೆಯಿರಿ. ಇದನ್ನು ಓದುವ ಅಪ್ಪಂದಿರಿಗೂ ಒಂದು ಮಾತು: ಕೋವಿ ಒಂದು ಬೀರುವಿನಲ್ಲಿ, ಗುಂಡು ಇನ್ನೊಂದರಲ್ಲಿ, ಎರಡರ ಬೀಗದ ಕೈ ನಿಮ್ಮ ಉಡಿದಾರದಲ್ಲಿ ಇರಬೇಕು. ಆಯುಧಪೂಜೆಯ ದಿನ ಪೂಜೆಗಿಟ್ಟ ಕೋವಿಗೂ ಇದೇ ಮಾತು. ಕುಂಕುಮ ಹಚ್ಚುವ ಮುನ್ನ ನಳಿಗೆ ಮುರಿದು ಖಾಲಿಯಿದೆಯೇ ನೋಡಿ.

ಪ್ರಶ್ನೆ: ಮಗನಿಗೆ ಹದಿನೈದು. ಮನೆಯಲ್ಲಿ ಚೆನ್ನಾಗಿ ಹೊಡೆಯುತ್ತಾನೆ. ಮುಂದೆ ಎಲ್ಲಿಗೆ ಕಳಿಸಬೇಕು? ತಡವಾಯಿತೇ?
— ಶಿಕ್ಷಕಿ, ಆಲೂರು

ಉತ್ತರ: ತಡವಾಗಿಲ್ಲ. ಬೆಂಗಳೂರಿನ ಟಿ.ಎಸ್. ದಿವ್ಯಾ ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. ಆಮೇಲೆ ಪಿಸ್ತೂಲ್ ಹಿಡಿದು 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ಗೆದ್ದರು. ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಎಂಜಿನಿಯರ್ ಕೆಲಸದಲ್ಲಿದ್ದು ಆಟಕ್ಕೆ ಮರಳಿದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು ತಂದರು.

ಮನೆಯಲ್ಲಿ ಎಷ್ಟು ಚೆನ್ನಾಗಿ ಹೊಡೆದರೂ ಅದು ಮೇಜಿಗೆ ಒರಗಿ ಹೊಡೆದದ್ದು. ನಿಂತು ಹೊಡೆಯುವ ಭಂಗಿ, ಜಾಕೆಟ್ಟು, ಗಡಿಯಾರದ ಒತ್ತಡ ಇವೆಲ್ಲ ರೇಂಜ್‌ನಲ್ಲೇ ಬರಬೇಕು. ಶಾಲೆಯಲ್ಲಿ ಎನ್‌ಸಿಸಿ ಇದ್ದರೆ ಸೇರಿಸಿ, ರೇಂಜ್‌ನ ಶಿಸ್ತು ಅಲ್ಲಿ ಬರುತ್ತದೆ. ರಜೆಯಲ್ಲಿ ಬೆಂಗಳೂರಿಗೆ ಕರೆದೊಯ್ಯಿರಿ. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯನ್ನು ವಿಚಾರಿಸಿದರೆ ನೋಂದಣಿ, ರಾಜ್ಯ ಪಂದ್ಯಗಳ ದಿನಾಂಕ ಎಲ್ಲ ಸಿಗುತ್ತದೆ. ಪಂದ್ಯದ ರೈಫಲ್ಲಿಗೆ ಈಗಲೇ ಲಕ್ಷಗಳನ್ನು ಸುರಿಯಬೇಡಿ. ತರಬೇತಿ ಕೊಡುವ ಕಡೆ ಸಾಮಾನ್ಯವಾಗಿ ಅವರದ್ದೇ ಕೋವಿ ಇರುತ್ತದೆ. ಒಂದು ವರ್ಷ ಅದರಲ್ಲಿ ಹೊಡೆಯಲಿ. ಆಮೇಲೂ ಬೆಳಿಗ್ಗೆ ಅವನೇ ನಿಮ್ಮನ್ನು ಎಬ್ಬಿಸುವಂತಿದ್ದರೆ ಯೋಚಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಏರ್‌ಗನ್ ತುಕ್ಕು ಹಿಡಿಯುತ್ತಿದೆ. ತೆಂಗಿನೆಣ್ಣೆ ಹಾಕಬಹುದೇ? ಮೊನ್ನೆ ಎಣ್ಣೆ ಬಿಟ್ಟ ಮೇಲೆ ಢಮ್ಮೆಂದು ಸದ್ದಾಗಿ ಹೊಗೆ ಬಂತು.
— ದೋಣಿಗಾಲ್

ಉತ್ತರ: ತೆಂಗಿನೆಣ್ಣೆ ನಿಮ್ಮ ಚಳಿಗೆ ಗಟ್ಟಿಯಾಗುತ್ತದೆ, ಬೇಡ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಹೊರಮೈ ಮಾತ್ರ ಒರೆಸಿ. ಆ ಢಮ್ ಸದ್ದು ಬಂದದ್ದು ಎಣ್ಣೆ ಒಳಗಿನ ಗಾಳಿಯ ಕೊಳವೆಗೆ ಇಳಿದದ್ದರಿಂದ. ಪಿಸ್ಟನ್ ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ನಡೆಯುವುದೂ ಹೀಗೆಯೇ. ಗುಂಡು ಎಂದಿಗಿಂತ ಜೋರಾಗಿ ಹೋಗುತ್ತದೆ, ಸೀಲೂ ಸ್ಪ್ರಿಂಗೂ ಹಾಳಾಗುತ್ತವೆ. ಎಣ್ಣೆ ಪೂರಾ ಸುಟ್ಟು ಹೊಗೆ ನಿಲ್ಲುವವರೆಗೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಹಿರಿಯರೇ ಪೆಟ್ಟಿಗೆಗೆ ಹತ್ತಿರದಿಂದ ಕೆಲವು ಈಡು ಹೊಡೆದು ಖಾಲಿಮಾಡಿ. ಆಮೇಲೂ ಹೊಗೆ ಬಂದರೆ ರಿಪೇರಿಯವರು ಬಿಚ್ಚಿ ಒರೆಸಬೇಕಾಗುತ್ತದೆ. ಚರ್ಮದ ಚೀಲದಲ್ಲಿ ಇಡುತ್ತಿದ್ದರೆ ನಿಲ್ಲಿಸಿ, ಚರ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರುತ್ತಲೇ ಇರುತ್ತದೆ. ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಟ್ಟರೆ ಸಾಕು.